ಕವಿಯ ಮನೆಗೆ ಹೋದರೆ ಮೊದಲು ಹಿತ್ತಲಿಗೆ ಹೋಗಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಇಂಗ್ಲೆಂಡಿನ ಡವ್ ಕಾಟೇಜ್ ಬಗ್ಗೆಯೇ ಇದ್ದವು. ಲೇಕ್ ಡಿಸ್ಟ್ರಿಕ್ಟ್‌ನ ಗ್ರಾಸ್‌ಮಿಯರ್ ಊರಲ್ಲಿ, ಕವಿ ವಿಲಿಯಂ ವರ್ಡ್ಸ್‌ವರ್ತ್ 1799ರ ಡಿಸೆಂಬರ್‌ನಿಂದ 1808ರವರೆಗೆ ಬಾಡಿಗೆಗಿದ್ದ ಮನೆ ಇದು. ಮಕ್ಕಳು ಆ ಕಡೆ ಕೆಲಸದಲ್ಲಿರುವ ಅಪ್ಪ ಅಮ್ಮಂದಿರು ಹೋಗುವ ತಯಾರಿಯಲ್ಲಿದ್ದಾರೆ. ನನಗೆ ತುಂಬಾ ಇಷ್ಟವಾದ ಜಾಗ, ಹಾಗಾಗಿ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಮೇಡಂ, ಮಗಳು ಮ್ಯಾಂಚೆಸ್ಟರ್‌ನಲ್ಲಿದ್ದಾಳೆ. ಏಪ್ರಿಲ್‌ನಲ್ಲಿ ಹೋಗುತ್ತಿದ್ದೇವೆ. ಹೈಸ್ಕೂಲಿನಲ್ಲಿ ಡ್ಯಾಫೊಡಿಲ್ಸ್ ಪದ್ಯ ಬಾಯಿಪಾಠ ಮಾಡಿದ್ದೆ, ಈಗಲೂ ಬರುತ್ತೆ. ಆ ಹೂಗಳು ಈ ಮನೆಯ ತೋಟದ್ದೇ ಅಲ್ವಾ?
(ಮೈಸೂರಿನ ಓದುಗರು)

ಉತ್ತರ: ಅಲ್ಲ. ಪದ್ಯದ ಹೂಗಳು ಅಲ್ಸ್‌ವಾಟರ್ ಅನ್ನುವ ಬೇರೊಂದು ಸರೋವರದ ದಂಡೆಯವು. 1802ರ ಏಪ್ರಿಲ್ 15ರಂದು ವರ್ಡ್ಸ್‌ವರ್ತ್ ಆ ದಂಡೆಯಲ್ಲಿ ನಡೆದು ಬರುತ್ತಿದ್ದರು. ಪದ್ಯದಲ್ಲಿ ಒಬ್ಬರೇ ಇದ್ದ ಹಾಗಿದೆ, ಆದರೆ ಅವತ್ತು ತಂಗಿ ಡೊರೊಥಿ ಜೊತೆಗಿದ್ದರು. ಗಾಳಿ ಜೋರಾಗಿತ್ತು. ಕೆಲವು ಹೂ ಸುಸ್ತಾದವರು ದಿಂಬಿಗೆ ಒರಗಿದ ಹಾಗೆ ಕಲ್ಲಿನ ಮೇಲೆ ತಲೆ ಇಟ್ಟಿದ್ದವು, ಉಳಿದವು ತೂರಾಡಿ ಕುಣಿಯುತ್ತಿದ್ದವು ಅಂತ ಡೊರೊಥಿ ಡೈರಿಯಲ್ಲಿ ಬರೆದಿಟ್ಟರು. ಅಣ್ಣ ಪದ್ಯ ಬರೆದದ್ದು ಅದಾಗಿ ಎರಡು ವರ್ಷಕ್ಕೆ, 1804ರಲ್ಲಿ. ಅದರಲ್ಲೂ, ಮನಸ್ಸಿನ ಕಣ್ಣಿಗೆ ಆ ಹೂಗಳು ಮತ್ತೆ ಮಿಂಚುತ್ತವೆ ಅನ್ನುವ ಎರಡು ಸಾಲು ಹೆಂಡತಿ ಮೇರಿ ಕೊಟ್ಟಿದ್ದು. ಇಷ್ಟು ತಿಳಿದುಕೊಂಡು ಹೋದರೆ ಆ ಮನೆ ಬೇರೆ ಥರ ಕಾಣುತ್ತೆ.

ಹೂ ನೋಡಲೇಬೇಕು ಅಂದರೆ ಅಲ್ಸ್‌ವಾಟರ್‌ನ ಗ್ಲೆನ್‌ಕಾಯ್ನ್ ಕಡೆ ಹೋಗಿ. ಏಪ್ರಿಲ್ ಮೊದಲ ಭಾಗ ಒಳ್ಳೆಯ ಸಮಯ, ಕೊನೆಗೆ ಹೋದರೆ ಬಾಡಿರುತ್ತವೆ. ಅಲ್ಲಿನವು ಕಾಡು ಜಾತಿಯವು. ಅಂಗಡಿಯಲ್ಲಿ ಸಿಗುವ ದಪ್ಪ ಹಳದಿ ಹೂವಿನಷ್ಟು ದೊಡ್ಡದಿರುವುದಿಲ್ಲ. ಚಿಕ್ಕ ಹೂ, ಪಕಳೆ ತಿಳಿ ಹಳದಿ, ಮಧ್ಯದ ಬಟ್ಟಲು ಮಾತ್ರ ಗಾಢ ಬಣ್ಣ. ಗ್ರಾಸ್‌ಮಿಯರ್ ಹತ್ತಿರವೇ ಸಾಕು ಅಂದರೆ ರೈಡಲ್ ಚರ್ಚ್ ಪಕ್ಕದ ಡೋರಾಸ್ ಫೀಲ್ಡ್‌ಗೆ ಹೋಗಿ. ಮಗಳು ಡೋರಾ 1847ರಲ್ಲಿ ತೀರಿಕೊಂಡ ಮೇಲೆ ವರ್ಡ್ಸ್‌ವರ್ತ್ ಮನೆಯವರು ಅವಳ ನೆನಪಿಗೆ ಡ್ಯಾಫೊಡಿಲ್ ನೆಟ್ಟ ಜಾಗ ಅದು.

ಪ್ರಶ್ನೆ: ಮನೆ ಬಹಳ ಚಿಕ್ಕದು, ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತೆ ಅಂತಾರೆ ನಮ್ಮ ಅಳಿಯಂದಿರು. ಅಷ್ಟು ದೂರ ಹೋಗಿ ನೋಡೋಕೆ ಅಲ್ಲಿ ಏನಿದೆ?
(ಶಿವಮೊಗ್ಗದ ನಿವೃತ್ತ ಶಿಕ್ಷಕರು)

ಉತ್ತರ: ಸರ್, ಮನೆ ಚಿಕ್ಕದು ಅನ್ನೋದು ನಿಜ. ಅರ್ಧ ಗಂಟೆಯಲ್ಲಿ ಮುಗಿಸಿದರೆ ನಷ್ಟ ನಿಮಗೇ.

ಮೊದಲು ಅದು ಹೆಂಡ ಮಾರುವ ಛತ್ರ, ಹೆಸರು ಡವ್ ಅಂಡ್ ಆಲಿವ್ ಬೌ. ವರ್ಡ್ಸ್‌ವರ್ತ್ ಇದ್ದಾಗ ಮನೆಗೆ ಹೆಸರೇ ಇರಲಿಲ್ಲ, ಟೌನ್ ಎಂಡ್ ಅನ್ನುತ್ತಿದ್ದರು ಅಷ್ಟೆ. ಸುಣ್ಣ ಬಳಿದ ಗೋಡೆ, ಸ್ಲೇಟ್ ಕಲ್ಲಿನ ಮಾಡು. ಒಳಗೆ ಕಾಲಿಟ್ಟರೆ ಕಲ್ಲು ಹಾಸಿದ ನೆಲ, ಗೋಡೆಗೆ ಕಪ್ಪಾದ ಮರದ ಹಲಗೆ. ಹಗಲಲ್ಲೂ ಮಬ್ಬು. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ನೆ ನಿಂತುಕೊಳ್ಳಿ.

ಕೆಳಗೆ ಹಾಲು ಬೆಣ್ಣೆ ಇಡುತ್ತಿದ್ದ ಪುಟ್ಟ ಕೋಣೆಯನ್ನು ತಪ್ಪಿಸಬೇಡಿ. ಅದರ ನೆಲದ ಅಡಿಯಲ್ಲೇ ನೀರು ಹರಿಯುತ್ತೆ. ಬೆಟ್ಟದಿಂದ ಇಳಿದು ಬರುವ ಆ ನೀರಿನ ತಂಪಿಗೆ ಹಾಲು ಕೆಡುತ್ತಿರಲಿಲ್ಲ. ಮಹಡಿಯಲ್ಲಿ ಇನ್ನೊಂದು ಚಿಕ್ಕ ಕೋಣೆ ಇದೆ, ವಿಪರೀತ ಚಳಿ. 1800ರಲ್ಲಿ ಡೊರೊಥಿ ಆ ಕೋಣೆಯ ಗೋಡೆಗೆಲ್ಲ ನ್ಯೂಸ್‌ಪೇಪರ್ ಅಂಟಿಸಿ ಸ್ವಲ್ಪ ಬೆಚ್ಚಗೆ ಮಾಡಿಕೊಂಡರು. ಈಗಲೂ ಆ ಗೋಡೆ ತುಂಬಾ ಪೇಪರ್ ಇದೆ, ನಿಂತು ಓದಬಹುದು. 1802ರಲ್ಲಿ ಕವಿಯ ಮದುವೆ ಆಯಿತು, 1806ರ ಹೊತ್ತಿಗೆ ಮನೆಯಲ್ಲಿ ಮೂರು ಮಕ್ಕಳು, ಜೊತೆಗೆ ಬಂದು ಹೋಗುವ ನೆಂಟರು, ಸ್ನೇಹಿತರು. ಇಷ್ಟು ಜನರ ಮಧ್ಯೆ ಕೂತು ಅವರು ಬರೆದಿದ್ದು.

ಈಗ ಹಿತ್ತಲು. ನನ್ನ ಕೇಳಿದರೆ ಟಿಕೆಟ್ ಕೊಟ್ಟ ದುಡ್ಡಿಗೆ ಹಿತ್ತಲೇ ಸಾಕು. ಮನೆಯ ಬೆನ್ನಿಗೇ ಕಡಿದಾದ ಗುಡ್ಡದ ತುಂಡು, ಅದನ್ನೇ ಅಣ್ಣ ತಂಗಿ ತೋಟ ಮಾಡಿಕೊಂಡರು. ಬಟಾಣಿ, ಬೀನ್ಸ್, ಟರ್ನಿಪ್ ಬೆಳೆದರು. ಹೂಗಿಡಗಳಿಗೆ ದುಡ್ಡು ಕೊಡದೆ ಕೆರೆ ದಂಡೆ, ಗುಡ್ಡ, ಕಾಡು ಸುತ್ತಿ ಜರೀಗಿಡ, ಪಾಚಿ, ಕಾಡುಹೂಗಳನ್ನು ಬೇರು ಸಮೇತ ಕಿತ್ತು ತಂದು ನೆಟ್ಟರು. ಮೊದಲ ವರ್ಷ ಗೋಡೆಗೆ ಹಬ್ಬಲಿ ಅಂತ ನೆಟ್ಟ ಗುಲಾಬಿ, ಹನಿಸಕಲ್ ಇನ್ನೂ ಎಳೆಯವು. ಮುಂಬಾಗಿಲ ಕಡೆ ಗೋಡೆ ಬೋಳು ಕಾಣಬಾರದು ಅಂತ ದಾರ ಕಟ್ಟಿ ಕೆಂಪು ಹೂವಿನ ಬೀನ್ಸ್ ಬಳ್ಳಿ ಹಬ್ಬಿಸಿದರು. ನೋಡೋಕೂ ಚೆಂದ, ಕಾಯಿಯೂ ಬೇಕಾದಷ್ಟು ಅಂತ ಗೆಳತಿಗೆ ಕಾಗದ ಬರೆದಿದ್ದಾರೆ ಡೊರೊಥಿ. ನಮ್ಮ ಕೈಯಾರೆ ಮಾಡಿದ ತೋಟ ಅನ್ನುವ ಹೆಮ್ಮೆ ಆ ಕಾಗದದಲ್ಲಿ ಎದ್ದು ಕಾಣುತ್ತೆ.

ಆ ಹೆಮ್ಮೆಗೆ ಕಾರಣ ಇದೆ. 1778ರಲ್ಲಿ ತಾಯಿ ತೀರಿಕೊಂಡಾಗ ಡೊರೊಥಿಗೆ ಆರು ವರ್ಷ. ಆಕೆಯನ್ನು ಬಂಧುಗಳ ಮನೆಗೆ ಕಳಿಸಿದರು, ಅಣ್ಣ ತಮ್ಮಂದಿರಿಂದ ಒಂಬತ್ತು ವರ್ಷ ದೂರ. ಆಮೇಲೂ ಅವರಿವರ ಮನೆಯಲ್ಲೇ ಬದುಕು. ಹುಟ್ಟಿದ ಸೀಮೆಗೆ ವಾಪಸ್ ಬಂದು, ಇದು ನಮ್ಮನೆ ಅಂತ ಒಲೆ ಹಚ್ಚಿದಾಗ ಆಕೆಗೆ ಇಪ್ಪತ್ತೆಂಟು ತುಂಬಲು ಕೆಲವೇ ದಿನ ಬಾಕಿ. ಹಾಗಿರುವಾಗ ಒಂದೊಂದು ಗಿಡವೂ ಎಷ್ಟು ಮುಖ್ಯ ಆಗಿರಬೇಕು ನೋಡಿ. ಅವರ ನಂತರ ಈ ಮನೆಗೆ ಬಾಡಿಗೆಗೆ ಬಂದ ಲೇಖಕ ಡಿ ಕ್ವಿನ್ಸಿ, ಅವರೆಲ್ಲ ಸೇರಿ ಗುಡ್ಡದ ಮೇಲೆ ಕಟ್ಟಿಕೊಂಡಿದ್ದ ಪಾಚಿ ಗುಡಿಸಲು ಕೆಡವಿ ಬೇಲಿ ಕಡಿಸಿದಾಗ ಡೊರೊಥಿ ತುಂಬಾ ನೊಂದುಕೊಂಡರು. ನನಗಂತೂ ಆಕೆಯ ಸಿಟ್ಟು ಪೂರ್ತಿ ಅರ್ಥವಾಗುತ್ತೆ.

ಮೆಟ್ಟಿಲು ಹತ್ತಿ ತೋಟದ ಮೇಲಿನ ತುದಿಗೆ ಹೋಗಿ ಕೂತುಕೊಳ್ಳಿ. ಅವರ ಕಾಲದಲ್ಲಿ ಮನೆಯ ಕಿಟಕಿಯಿಂದಲೇ ಸರೋವರ ಕಾಣುತ್ತಿತ್ತು, ಆಮೇಲೆ ಎದುರಿಗೆ ಮನೆಗಳು ಎದ್ದವು. ಹಾಗಾಗಿ ಅವರು ಏನು ನೋಡುತ್ತಿದ್ದರು ಅನ್ನೋದು ತಿಳಿಯಬೇಕಾದರೆ ಮೇಲೆ ಹತ್ತಲೇಬೇಕು.

ಪ್ರಶ್ನೆ: ಅಮ್ಮನಿಗೆ ಮಂಡಿನೋವು, ವಯಸ್ಸು ಎಪ್ಪತ್ತು ದಾಟಿದೆ. ಕರೆದುಕೊಂಡು ಹೋಗಬಹುದಾ ಅಕ್ಕಾ?
(ಹುಬ್ಬಳ್ಳಿಯ ಓದುಗರು)

ಉತ್ತರ: ಕರೆದುಕೊಂಡು ಹೋಗಿ, ಆದರೆ ತೋಟದ ಮೇಲ್ಭಾಗಕ್ಕೆ ಹತ್ತಿಸಬೇಡಿ. ಕಲ್ಲಿನ ಮೆಟ್ಟಿಲು ಸಮನಾಗಿಲ್ಲ, ಮಳೆ ಬಂದರೆ ಜಾರುತ್ತೆ, ಆ ಸೀಮೆಯಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತೆ. ಕೆಳಗಿನ ಕೋಣೆಗಳನ್ನು ನಿಧಾನವಾಗಿ ನೋಡಲಿ. ಪಕ್ಕದಲ್ಲೇ ಮ್ಯೂಸಿಯಂ ಇದೆ, ಹಸ್ತಪ್ರತಿಗಳು ಅಲ್ಲಿವೆ. ಹಿಡಿತ ಗಟ್ಟಿ ಇರುವ ಚಪ್ಪಲಿ, ಒಂದು ಸ್ವೆಟರ್ ಇರಲಿ. ಜೂನ್ ಆದರೂ ಬೇಕಾಗುತ್ತೆ.

ಪ್ರಶ್ನೆ: ಕುವೆಂಪು ಅವರಿಗೆ ವರ್ಡ್ಸ್‌ವರ್ತ್ ಅಂದರೆ ಪ್ರೀತಿ ಅಂತ ಓದಿದ್ದೆ. ಇದೂ ಕುಪ್ಪಳಿಯ ಕವಿಮನೆ ಥರಾನೇ ಇದೆಯಾ?
(ಬೆಂಗಳೂರಿನ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಪ್ರೀತಿ ಇದ್ದದ್ದು ನಿಜ. ಮನೆ ಮಾತ್ರ ಒಂದೇ ಥರ ಇಲ್ಲಮ್ಮ. ಕುಪ್ಪಳಿಯದು ದೊಡ್ಡ ತೊಟ್ಟಿಮನೆ, ಜಮೀನ್ದಾರಿ ಮನೆತನ, ಕಂಬ, ಜಗಲಿ, ಅಂಗಳ ಎಲ್ಲ ದೊಡ್ಡದು. ಡವ್ ಕಾಟೇಜ್ ಕೈಯಲ್ಲಿ ದುಡ್ಡಿಲ್ಲದ ಅಣ್ಣ ತಂಗಿಯ ಬಾಡಿಗೆ ಮನೆ. 1890ರಲ್ಲಿ ಜನರಿಂದ ಹಣ ಸೇರಿಸಿ 650 ಪೌಂಡ್‌ಗೆ ಅದನ್ನು ಕೊಂಡು, ಮಾರನೇ ವರ್ಷ ಎಲ್ಲರಿಗೂ ತೆರೆದರು. ಎರಡರಲ್ಲೂ ಒಂದು ವಿಷಯ ಒಂದೇ. ಮನೆ ಹಿಂದಿನ ಗುಡ್ಡ ಹತ್ತದೆ ವಾಪಸ್ ಬಂದರೆ ಆ ಕವಿಯನ್ನು ಅರ್ಧ ನೋಡಿದ ಹಾಗೆ. ಕುಪ್ಪಳಿಗೆ ಇನ್ನೂ ಹೋಗಿಲ್ಲ ಅಂದರೆ ಮೊದಲು ಅಲ್ಲಿಗೆ ಹೋಗಿ ಬಾ.

ಪ್ರಶ್ನೆ: ಅಲ್ಲಿಂದ ಒಂದು ಡ್ಯಾಫೊಡಿಲ್ ಗೆಡ್ಡೆ ತಂದು ನಮ್ಮ ಅಂಗಳದಲ್ಲಿ ನೆಡಬೇಕು ಅಂತ ಆಸೆ.
(ಶಿರಸಿಯ ಓದುಗರು)

ಉತ್ತರ: ದಯವಿಟ್ಟು ಬೇಡ. ಅಲ್ಲಿ ಕೀಳೋದಂತೂ ತಪ್ಪೇ, ಅಂಗಡಿಯಲ್ಲಿ ಕೊಂಡರೂ ತೊಂದರೆ. ನಮ್ಮ ದೇಶಕ್ಕೆ ಗೆಡ್ಡೆ, ಬೀಜ, ಗಿಡ ತರಬೇಕಾದರೆ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ, ರೋಗವಿಲ್ಲ ಅನ್ನುವ ಸರ್ಟಿಫಿಕೇಟ್ ಎಲ್ಲ ಬೇಕು. ಸುಮ್ನೆ ಮಾಡಿರುವ ನಿಯಮ ಅಲ್ಲ. ಮಣ್ಣಲ್ಲಿ ಬರುವ ಒಂದು ಹುಳ ಊರಿನ ತೋಟಗಳನ್ನೇ ಹಾಳು ಮಾಡಬಹುದು. ಅದೂ ಅಲ್ಲದೆ ಆ ಗೆಡ್ಡೆಗೆ ವಾರಗಟ್ಟಲೆ ಗಟ್ಟಿ ಚಳಿ ಬೇಕು, ಇಲ್ಲದಿದ್ದರೆ ಎಲೆ ಬರುತ್ತೆ, ಹೂ ಬರಲ್ಲ. ಡೊರೊಥಿ ಮಾಡಿದ್ದನ್ನೇ ಮಾಡಿ ನೋಡಿ, ಮುಂದಿನ ಗೋಡೆಗೆ ದಾರ ಕಟ್ಟಿ ಅವರೆ ಬಳ್ಳಿ ಹಬ್ಬಿಸಿ. ನಮ್ಮ ಮಣ್ಣಿಗೆ ಒಗ್ಗುತ್ತೆ, ಸಾರಿಗೂ ಆಗುತ್ತೆ.

ಪ್ರಶ್ನೆ: ನಾವಿರೋದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಕಾರಿಲ್ಲ. ಬಸ್ಸು ರೈಲಲ್ಲಿ ಆಗುತ್ತಾ? ಒಂದು ದಿನ ಸಾಕಾ?
(ಅಲ್ಲೇ ನೆಲೆಸಿರುವ ಹಾಸನದ ದಂಪತಿ)

ಉತ್ತರ: ಆರಾಮಾಗಿ ಆಗುತ್ತೆ. ರೈಲಲ್ಲಿ ಆಕ್ಸನ್‌ಹೋಮ್, ಅಲ್ಲಿ ಬದಲಿಸಿ ವಿಂಡರ್‌ಮಿಯರ್. ಸ್ಟೇಷನ್ ಹೊರಗೇ 555 ನಂಬರ್ ಬಸ್ ಸಿಗುತ್ತೆ, 599 ಕೂಡ ಗ್ರಾಸ್‌ಮಿಯರ್‌ಗೆ ಹೋಗುತ್ತೆ. ಊರೊಳಕ್ಕೆ ಹೋಗುವ ಮುಂಚೆಯೇ ಡವ್ ಕಾಟೇಜ್ ಸ್ಟಾಪ್ ಬರುತ್ತೆ, ಅಲ್ಲೇ ಇಳಿದುಬಿಡಿ. ಮನೆ ತೆರೆಯುವ ದಿನ, ಸಮಯ ಋತು ನೋಡಿ ಬದಲಾಗುತ್ತೆ, ವೆಬ್‌ಸೈಟ್ ನೋಡಿ ಟಿಕೆಟ್ ಮೊದಲೇ ಮಾಡಿಸಿಕೊಳ್ಳಿ.

ಒಂದು ದಿನದಲ್ಲಿ ಮುಗಿಸಬಹುದು, ಆದರೆ ಒಂದು ರಾತ್ರಿ ಉಳಿದರೆ ಒಳ್ಳೆಯದು. ಬೆಳಿಗ್ಗೆ ಮನೆ, ತೋಟ. ಆಮೇಲೆ ನಡೆದು ಸೇಂಟ್ ಓಸ್ವಾಲ್ಡ್ ಚರ್ಚ್‌ಗೆ ಹೋಗಿ, ವಿಲಿಯಂ, ಮೇರಿ, ಡೊರೊಥಿ, ಡೋರಾ ಎಲ್ಲರ ಸಮಾಧಿ ಒಂದೇ ಕಡೆ ಇವೆ. ಚರ್ಚ್ ಅಂಗಳದ ಅಂಚಲ್ಲೇ ಹಳೇ ಶಾಲೆಯ ಪುಟ್ಟ ಕಟ್ಟಡದಲ್ಲಿ ಶುಂಠಿ ಬಿಸ್ಕತ್ತಿನ ಅಂಗಡಿ. 1854ರಲ್ಲಿ ಸಾರಾ ನೆಲ್ಸನ್ ಶುರು ಮಾಡಿದ ಜಿಂಜರ್‌ಬ್ರೆಡ್ ಈಗಲೂ ಅಲ್ಲೇ ಮಾಡುತ್ತಾರೆ. ಶುಂಠಿ ಖಾರ ಚೆನ್ನಾಗಿರುತ್ತೆ, ಮೊಟ್ಟೆ ತಿನ್ನದವರು ಕೇಳಿಕೊಂಡು ತೆಗೆದುಕೊಳ್ಳಿ. ಕಾಲಲ್ಲಿ ಶಕ್ತಿ ಇದ್ದರೆ ಕಾಟೇಜ್ ಹತ್ತಿರದಿಂದ ರೈಡಲ್‌ವರೆಗೆ ಗುಡ್ಡದ ಪಕ್ಕದಲ್ಲೇ ಹೋಗುವ ಕಾಫಿನ್ ರೂಟ್ ಹಿಡಿಯಿರಿ. ರೈಡಲ್‌ನಲ್ಲಿ ಚರ್ಚ್ ಇಲ್ಲದ ಕಾಲದಲ್ಲಿ ಹೆಣ ಹೊತ್ತು ತರುತ್ತಿದ್ದ ದಾರಿ ಅದು. ಒಂದು ಒಂದೂವರೆ ಗಂಟೆ ಸಾಕು. ಆ ತುದಿಯಲ್ಲಿ ಮುಖ್ಯರಸ್ತೆಗೆ ಇಳಿದರೆ ವಾಪಸ್ ವಿಂಡರ್‌ಮಿಯರ್‌ಗೆ ಅದೇ ಬಸ್ ಸಿಗುತ್ತೆ, ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಮಾತ್ರ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.