5 ಎಚ್‌ಪಿಯೋ 7.5 ಎಚ್‌ಪಿಯೋ ಎಂದು ಕೇಳುವ ಮೊದಲು ಬೋರಿಗೆ ಹಗ್ಗ ಬಿಡಿ

ಸಿಂದಗಿ ಕಡೆ ನಾಲ್ಕು ಎಕರೆ, ಕರೆಂಟ್ ಲೈನು ಆರುನೂರು ಮೀಟರ್ ದೂರ, ರೈತರ ಪಂಪಿಗೆ ಸಹಾಯಧನ ಕೊಡುವ ಕೇಂದ್ರದ ಕುಸುಮ್‌ ಯೋಜನೆಯಲ್ಲಿ 5 ಎಚ್‌ಪಿ ಸೋಲಾರ್ ಪಂಪ್ ಸಾಕಾ, 7.5 ಬೇಕಾ, ಇಲ್ಲ ಲೈನಿಗೇ ಕಾಯಲಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದು ನಾನೂ ಊರೆಲ್ಲ ತಿರುಗಿದ್ದೆ. ಕೇಳಿದವರೆಲ್ಲ ಉತ್ತರ ಕೊಟ್ಟರು. ಪ್ರಶ್ನೆಯೇ ತಪ್ಪು ಅಂತ ಒಬ್ಬರೂ ಹೇಳಲಿಲ್ಲ.

ನಮ್ಮದು ಇಂಡಿ ತಾಲ್ಲೂಕು. ಮೂರು ಎಕರೆಯಲ್ಲಿ ಮುನ್ನೂರ ಮೂವತ್ತು ನಿಂಬೆ ಗಿಡ, ಎಲ್ಲ ನಮ್ಮಪ್ಪ ಹಚ್ಚಿದ್ದು. 450 ಫೂಟಿನ ಬೋರು, ಅದಕ್ಕೊಂದು 5 ಎಚ್‌ಪಿ ಮೋಟರ್. ಲೈನು ದೂರ ಇದ್ದದ್ದಕ್ಕೆ ಜನರೇಟರ್ ಮೇಲೆ ನಡೆಸುತ್ತಿದ್ದೆವು. ನಿಂಬೆ ಮಾರಿದ ದುಡ್ಡು ಡೀಸೆಲ್ಲಿಗೇ ಹೋಗುತ್ತಿತ್ತು. ಕುಸುಮ್ ಬಂದ ಹೊಸತರಲ್ಲೇ ಅರ್ಜಿ ಹಾಕಿದೆ. ಆಗ ಖರ್ಚಿನಲ್ಲಿ ನೂರಕ್ಕೆ ಕೇಂದ್ರದ್ದು 30 ಪಾಲು, ರಾಜ್ಯದ್ದು 30, ರೈತನದ್ದು 40. ಪಹಣಿ, ಆಧಾರ್ ಎಲ್ಲ ಕೊಟ್ಟು ಹಣ ಕಟ್ಟಿದೆ. 5 ಎಚ್‌ಪಿ ಅಂತಲೇ ಬರೆಸಿದೆ. ಹಳೇ ಮೋಟರ್ 5 ಎಚ್‌ಪಿ ಇತ್ತು, ಎಂಥ ಬೇಸಿಗೆಯಲ್ಲೂ ನೀರು ಎತ್ತಿತ್ತು, ಇದೂ ಎತ್ತುತ್ತದೆ ಅಂದುಕೊಂಡೆ.

ತಪ್ಪು ಆದದ್ದು ಎಲ್ಲಿ ಅಂತ ನನಗೆ ದಿನದ ಸಮೇತ ನೆನಪಿದೆ. ಎಳ್ಳಮಾಸಿ ಮರುದಿನ. ಹಿಂದಿನ ದಿನ ಚರಗ ಚೆಲ್ಲಿ ಬಂದಿದ್ದೆವು, ಸಜ್ಜಿ ರೊಟ್ಟಿ, ಭಜ್ಜಿಪಲ್ಯ ಮನೆಯಲ್ಲಿ ಇನ್ನೂ ಉಳಿದಿತ್ತು. ಪಂಪ್ ಕೂಡಿಸುವ ಕಂಪನಿಯ ಹುಡುಗ ಸರ್ವೆಗೆ ಬಂದ. ಅವನಿಗೂ ರೊಟ್ಟಿ ಕೊಟ್ಟು ಕೂರಿಸಿದೆ. ಊಟ ಮುಗಿಸಿ ಫಾರ್ಮ್ ತೆಗೆದು, ‘ನೀರು ಎಷ್ಟು ಫೂಟಿಗದ?’ ಅಂದ. ‘ನೂರಾ ಮೂವತ್ತು’ ಅಂದೆ.

ಅವತ್ತಿನ ಮಟ್ಟಿಗೆ ಅದು ಖರೆ. ಆ ವರ್ಷ ಹಿಂಗಾರಿ ಮಳೆ ಚಲೋ ಆಗಿತ್ತು. ನೂರಾ ಮೂವತ್ತು ಫೂಟ್ ಅಂದರೆ 40 ಮೀಟರ್. ಪೈಪಿನ ತಿಕ್ಕಾಟ, ಮೇಲಿನ ಏರು ಸೇರಿಸಿ ಅವನು ‘ಹೆಡ್’ ಅನ್ನುವ ಕಡೆ 50 ಮೀಟರ್ ಅಂತ ತುಂಬಿದ. ಆ ಸಾಲಿನಲ್ಲಿ 70, 100 ಅಂತಲೂ ಇದ್ದವು. ಹೆಡ್ ಅಂದರೆ ಪಂಪ್ ನೀರನ್ನು ತಳ್ಳಬೇಕಾದ ಒಟ್ಟು ಎತ್ತರ, ಆಗ ಅದೇನು ಅಂತ ನಾನು ಕೇಳಲಿಲ್ಲ. ‘ಬೇಸಿಗೆಯಾಗ ಎಷ್ಟಕ್ಕೆ ಇಳೀತದ?’ ಅಂತ ಅವನೂ ಕೇಳಲಿಲ್ಲ. ಸಹಿ ಮಾಡಿದೆ.

ಪಂಪ್ ಶುರುವಾದ ದಿನ ಅವ್ವ ಪ್ಯಾನಲ್ಲುಗಳಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಪೈಪ್ ತುಂಬ ನೀರು, ಡೀಸೆಲ್ ವಾಸನೆ ಇಲ್ಲ, ಸದ್ದಿಲ್ಲ. ಎರಡು ತಿಂಗಳು ನನ್ನಂಥ ಸುಖಿ ಯಾರೂ ಇರಲಿಲ್ಲ.

ಹೋಳಿ ಹುಣ್ಣಿಮೆಗೆ ನೀರಿನ ಜೋರು ಕಡಿಮೆ ಆಯಿತು. ಯುಗಾದಿಗೆ ಡ್ರಿಪ್ಪಿನ ಕೊನೇ ಸಾಲುಗಳು ಒಣಗಿ ನಿಂತವು. ಪ್ಯಾನಲ್ ಮೇಲೆ ಜೋಳದ ರಾಶಿಯ ದೂಳು ಕೂತಿದೆ ಅಂತ ತಿಳಿದು ದಿನಾ ಮುಂಜಾನೆ ಒರೆಸಿದೆ. ಆಗಲಿಲ್ಲ. ಏಪ್ರಿಲ್‌ನಲ್ಲಿ ನೆತ್ತಿ ಸುಡುವ ಬಿಸಿಲು, ಕಂಟ್ರೋಲರಿನ ದೀಪ ಹಸಿರು, ಬೋರಿನ ಬಾಯಿಯ ಕೇಸಿಂಗ್ ಪೈಪಿಗೆ ಕಿವಿ ಹಚ್ಚಿದರೆ ಮೋಟರ್ ತಿರುಗುವ ಸದ್ದು ಕೇಳುತ್ತಿತ್ತು. ಪೈಪಿನ ಬಾಯಲ್ಲಿ ಹನಿ ನೀರಿಲ್ಲ. ಒಮ್ಮೊಮ್ಮೆ ನೀರು ಮೋಟರಿಗಿಂತ ಕೆಳಗಿಳಿದು ಅದು ತಾನೇ ನಿಲ್ಲುತ್ತಿತ್ತು. ಕಂಪನಿಯವರು ಬಂದು ಪ್ಯಾನಲ್ ಅಳೆದರು, ಸರಿಯಿತ್ತು. ಇನ್ನಷ್ಟು ಪೈಪ್ ಸೇರಿಸಿ ಮೋಟರನ್ನು 300 ಫೂಟಿಗೆ ಇಳಿಸಿದರು. ಆಗಲೂ ನೀರು ಮೇಲೆ ಬರಲಿಲ್ಲ. ‘ಇದು 50 ಮೀಟರ್ ಹೆಡ್ಡಿನ ಪಂಪ್ ರೀ, ನಿಮ್ಮ ನೀರು 90 ಮೀಟರಿಗೆ ಹೋಗ್ಯಾವ’ ಅಂದರು. ಪಂಪ್ ಕೆಟ್ಟಿಲ್ಲ, ಹಾಗಾಗಿ ವಾರಂಟಿಯಲ್ಲಿ ಬದಲಿಸುವುದಿಲ್ಲ ಅಂದರು. ಕಾಗದದ ಪ್ರಕಾರ ಅವರ ಮಾತು ಸರಿ. ಸಹಿ ನನ್ನದೇ.

ಇದನ್ನು ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ. ಬೋರಿನ ಮೋಟರ್ ಮೇಲೆ ಒಂದರ ಮೇಲೊಂದು ಚಕ್ರಗಳಿರುತ್ತವೆ, ಸ್ಟೇಜ್ ಅನ್ನುತ್ತಾರೆ. ಪ್ರತಿ ಸ್ಟೇಜ್ ನೀರನ್ನು ಇಷ್ಟು ಮೀಟರ್ ಅಂತ ಮೇಲೆ ತಳ್ಳುತ್ತದೆ. ಅದೇ 5 ಎಚ್‌ಪಿಯಲ್ಲಿ ಕಡಿಮೆ ಸ್ಟೇಜ್ ಇಟ್ಟು ಹೆಚ್ಚು ನೀರನ್ನು ಸ್ವಲ್ಪ ಎತ್ತರಕ್ಕೆ ಕೊಡಬಹುದು, ಹೆಚ್ಚು ಸ್ಟೇಜ್ ಇಟ್ಟು ಕಡಿಮೆ ನೀರನ್ನು ಬಹಳ ಎತ್ತರಕ್ಕೆ ಕೊಡಬಹುದು. ನಮ್ಮ ಹಳೇ ಮೋಟರ್ ಎರಡನೇ ಜಾತಿಯದು, ಹೊಸದು ಮೊದಲನೇದು. ಅದು ತನ್ನ ಎತ್ತರ ದಾಟಿದ ಮೇಲೆ ಎಷ್ಟು ತಿರುಗಿದರೂ ನೀರು ಪೈಪಿನ ನಡುವೆಯೇ ನಿಂತುಬಿಡುತ್ತದೆ. ಬಿಸಿಲು ಎಷ್ಟಿದ್ದರೂ ಅಷ್ಟೇ. ಮೋಟರನ್ನು ಕೆಳಗಿಳಿಸಿದರೂ ಉಪಯೋಗವಿಲ್ಲ, ಯಾಕಂದರೆ ನೀರಿನ ಮಟ್ಟದಿಂದ ನೆಲದವರೆಗಿನ ಏರು ಅಷ್ಟೇ ಇರುತ್ತದೆ.

ಏಪ್ರಿಲ್, ಮೇ ಅಂದರೆ ನಿಂಬೆಗೆ ರೇಟ್ ಬರುವ ಕಾಲ. ಆ ರೇಟಿಗೆಂದೇ ಗಿಡದಲ್ಲಿ ಕಾಯಿ ಹಿಡಿಸಿದ್ದೆ. ಗೋಲಿ ಗಾತ್ರದ ಕಾಯಿಗಳು ನೆಲಕ್ಕೆ ಹಾಸಿದವು. ಟ್ಯಾಂಕರ್ ತರಿಸಿ ಆದಷ್ಟು ಗಿಡ ಉಳಿಸಿಕೊಂಡೆ. ಎಪ್ಪತ್ತು ಗಿಡ ಒಣಗಿದವು. ಅಪ್ಪ ಕೊಡ ಹೊತ್ತು ನೀರು ಹಾಕಿ ಬೆಳೆಸಿದ ಗಿಡ ಅವು. ಕಡಿದ ದಿನ ಅಪ್ಪ ಹೊಲದ ಕಡೆ ಬರಲೇ ಇಲ್ಲ.

ಈಗ ನಿಮ್ಮ ವಿಷಯಕ್ಕೆ. ಎಚ್‌ಪಿ ಬಿಡಿ. ನಿಮಗೆ ಎರಡು ಅಳತೆ ಬೇಕು. ಬೇಸಿಗೆಯಲ್ಲಿ ನೀರು ಎಷ್ಟು ಆಳಕ್ಕೆ ಇಳಿಯುತ್ತದೆ, ದಿನಕ್ಕೆ ಎಷ್ಟು ಲೀಟರ್ ಬೇಕು. ಮೊದಲನೇದನ್ನು ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಹಗ್ಗಕ್ಕೆ ಭಾರ ಕಟ್ಟಿ ನೋಡಿ. ಅದೂ ಮೋಟರ್ ನಿಂತಾಗಿನ ನೀರಲ್ಲ. ನಾಲ್ಕೈದು ತಾಸು ಮೋಟರ್ ನಡೆದ ಮೇಲೆ ಇಳಿದು ನಿಲ್ಲುವ ನೀರು. ನಮ್ಮ ಬೋರಿನಲ್ಲಿ ಈ ಎರಡರ ನಡುವೆಯೇ ಅರವತ್ತು ಫೂಟ್ ಅಂತರ ಇದೆ. ಕೆರೆ ತುಂಬಿಸುವ ಯೋಜನೆಯ ನೀರು ಬಂದ ಊರುಗಳ ಲೆಕ್ಕ ಬೇರೆ, ಅಲ್ಲಿ ಬೇಸಿಗೆಯಲ್ಲೂ ನೀರು ಮೇಲೇ ಇರುತ್ತದೆ. ಅವರ ಮಾತು ಕೇಳಿ ಪಂಪ್ ಆರಿಸಬೇಡಿ.

ಎರಡನೇದಕ್ಕೆ ನನ್ನ ಲೆಕ್ಕ ಕೊಡುತ್ತೇನೆ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಪುಸ್ತಕದ ಪ್ರಕಾರ 0.27 ಯೂನಿಟ್ ಸಾಕು. ಪಂಪ್, ಮೋಟರ್ ತಿನ್ನುವುದನ್ನು ಸೇರಿಸಿದರೆ ಅರ್ಧ ಯೂನಿಟ್ ಮೇಲೆಯೇ ಬೇಕು. 5 ಎಚ್‌ಪಿ ಪಂಪ್ ಜೊತೆ ಬರುವ 4800 ವ್ಯಾಟ್ ಪ್ಯಾನಲ್ ಒಳ್ಳೇ ಬಿಸಿಲಿನ ದಿನ ಸುಮಾರು 20 ಯೂನಿಟ್ ಕೊಡುತ್ತದೆ. ಅಂದರೆ 100 ಮೀಟರಿನಿಂದ ಹೆಚ್ಚೆಂದರೆ 40 ಸಾವಿರ ಲೀಟರ್. ಬೇಸಿಗೆಯಲ್ಲಿ ದೊಡ್ಡ ನಿಂಬೆ ಗಿಡಕ್ಕೆ ದಿನಕ್ಕೆ ನೂರು ಲೀಟರ್ ಹಿಡಿದರೂ ಮುನ್ನೂರ ಮೂವತ್ತು ಗಿಡಕ್ಕೆ 33 ಸಾವಿರ. 5 ಎಚ್‌ಪಿಯೇ ಸಾಕಾಗಿತ್ತು ನೋಡಿ. 100 ಮೀಟರ್ ಹೆಡ್ಡಿನದು ಬರೆಸಿದ್ದರೆ ಎಪ್ಪತ್ತು ಗಿಡ ಉಳಿಯುತ್ತಿದ್ದವು. ನಿಮ್ಮ ಬೋರು ಒಂದೂವರೆ ಇಂಚು ನೀರಿನದಾದರೆ, ಅಂದರೆ ಅದಕ್ಕೆ ಬರುವ ನೀರೇ ಕಡಿಮೆ ಇದ್ದರೆ, 7.5 ಹಾಕಿಸಿ ಪ್ರಯೋಜನವೂ ಇಲ್ಲ. ಅರ್ಧ ತಾಸಿನಲ್ಲಿ ಬೋರು ಬರಿದಾಗಿ ಪಂಪ್ ತಾನೇ ನಿಲ್ಲುತ್ತದೆ.

ಈಗ ರಾಜ್ಯ ಸರ್ಕಾರ ತನ್ನ ಪಾಲನ್ನು ನೂರಕ್ಕೆ 50ಕ್ಕೆ ಏರಿಸಿದೆ, ಕೇಂದ್ರದ್ದು 30, ನೀವು ಕಟ್ಟುವುದು 20. ಅರ್ಜಿ ಹಾಕುವುದು ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕೆಆರ್‌ಇಡಿಎಲ್‌ನ ಸೌರಮಿತ್ರ ಪೋರ್ಟಲ್‌ನಲ್ಲಿ. ಐದು ವರ್ಷದ ನಿರ್ವಹಣೆಯೂ ಸೇರಿರುತ್ತದೆ. ಇಷ್ಟು ಕಡಿಮೆಗೆ ಸಿಗುತ್ತದೆ ಅಂತಲೇ ಜನ ದೊಡ್ಡದನ್ನು ಬರೆಸುತ್ತಾರೆ. ಹಾಗೆ ಮಾಡಬೇಡಿ. ಡೀಸೆಲ್ ಇದ್ದಾಗ ತಾಸಿಗೆ ಎಷ್ಟು ಖರ್ಚು ಅಂತ ನೋಡಿ ಮೋಟರ್ ಬಂದ್ ಮಾಡುತ್ತಿದ್ದೆವು. ಬಿಸಿಲಿಗೆ ಬಿಲ್ಲಿಲ್ಲ, ಮುಂಜಾನೆಯಿಂದ ಸಂಜೆವರೆಗೆ ಎಳೆಯುತ್ತೇವೆ, ಪಕ್ಕದವರ ಬೋರು ಬತ್ತುತ್ತದೆ, ಆಮೇಲೆ ನಮ್ಮದೂ. ನನಗೆ ಈ ಯೋಜನೆಯಲ್ಲಿ ಭಯ ಇರುವುದು ಇದೊಂದೇ. ಆದ್ದರಿಂದ ಪಂಪಿಗೆ ಮೊದಲು ಡ್ರಿಪ್ ಮಾಡಿಸಿ. ಎರಡು ಹೆಕ್ಟೇರ್‌ವರೆಗೆ ನೂರಕ್ಕೆ 90 ಸಹಾಯಧನ ಇದೆ, ನಿಮ್ಮ ನಾಲ್ಕು ಎಕರೆ ಅದರೊಳಗೇ ಬರುತ್ತದೆ. ಡ್ರಿಪ್ ಇಲ್ಲದೆ ಹಾಯಿ ನೀರು ಬಿಡುವ ಯೋಚನೆ ಇದ್ದರೆ ಸೋಲಾರ್ ಹಾಕಿಸಲೇಬೇಡಿ ಅನ್ನುತ್ತೇನೆ.

ಲೈನಿಗೆ ಕಾಯುವುದೂ ಬೇಡ. 500 ಮೀಟರ್ ಆಚೆಗಿನ ಹೊಸ ಪಂಪ್‌ಸೆಟ್‌ಗೆ ಸೋಲಾರೇ ಅಂತ ಸರ್ಕಾರ ತೀರ್ಮಾನಿಸಿದೆ. 10 ಎಚ್‌ಪಿವರೆಗೆ ಕರೆಂಟ್ ಪುಕ್ಕಟೆ ನಿಜ, ಆದರೆ ತ್ರೀ ಫೇಸ್ ಏಳೇ ತಾಸು, ಅದೂ ಪಾಳಿ ಮೇಲೆ. ರಾತ್ರಿ ಪಾಳಿ ಬಂದರೆ ಹಾವು ಚೇಳಿನ ನಡುವೆ ಟಾರ್ಚ್ ಹಿಡಿದು ಹೋಗಬೇಕು. ನಮ್ಮ ದೊಡ್ಡಪ್ಪನ ಮಗ ಇವತ್ತಿಗೂ ಹಾಗೇ ಹೋಗುತ್ತಾನೆ.

ನಾನು ಮರುವರ್ಷ ಕೈಯಿಂದ ದುಡ್ಡು ಹಾಕಿ, ಅದೇ ಕಂಟ್ರೋಲರಿಗೆ ಹೊಂದುವ 100 ಮೀಟರ್ ಹೆಡ್ಡಿನ ಪಂಪ್ ತಂದೆ. ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ಕೃಷಿಹೊಂಡವನ್ನೂ ಮಾಡಿಸಿದೆ. ನೀರು ಆಳಕ್ಕೆ ಹೋದಾಗ ಎಳೆ ಬಿಸಿಲಿಗೆ ಪಂಪ್ ಎತ್ತುವುದಿಲ್ಲ, ಹತ್ತರಿಂದ ಮೂರರ ತನಕ ಮಾತ್ರ. ಆ ನೀರನ್ನು ಹೊಂಡಕ್ಕೆ ಬಿಟ್ಟು, ಸಂಜೆ ಸಣ್ಣ ಪಂಪಿನಿಂದ ಡ್ರಿಪ್ಪಿಗೆ ಕೊಡುತ್ತೇನೆ. ಒಣಗಿದ ಜಾಗದಲ್ಲಿ ಎಪ್ಪತ್ತು ಸಸಿ ಹಚ್ಚಿದ್ದೇವೆ. ಈ ಸಲ ಅಪ್ಪನೇ ನಿಂತು ಕುಣಿ ತೋಡಿಸಿದ.

ಸರ್ವೆಗೆ ಬಂದವರ ಹತ್ತಿರ ಆ ಪಂಪಿನ ಹೆಡ್-ಡಿಸ್ಚಾರ್ಜ್ ಪಟ್ಟಿ ಕೇಳಿ ಪಡೆಯಿರಿ. ಯಾವ ಎತ್ತರಕ್ಕೆ ದಿನಕ್ಕೆ ಎಷ್ಟು ಲೀಟರ್ ಅಂತ ಅದರಲ್ಲಿ ಇರುತ್ತದೆ. ಅದು ಕೈಗೆ ಬರುವ ತನಕ ಸಹಿ ಬೇಡ. ಬೇಸಿಗೆಯ ಅಳತೆ, ಬೋರಿನ ಇಂಚು, ಗಿಡದ ಲೆಕ್ಕ ಮೂರನ್ನೂ ಇಲ್ಲೇ ಕೆಳಗೆ ಬರೆಯಿರಿ, ಪಟ್ಟಿ ಇಟ್ಟುಕೊಂಡು ಕೂಡಿ ಲೆಕ್ಕ ಹಾಕೋಣ.