ಮೊಣಕಾಲು ನೋವಿದ್ದವರ ಜೊತೆ ವೆನಿಸ್: ಕಿಲೋಮೀಟರ್ ಬಿಡಿ, ಸೇತುವೆ ಎಣಿಸಿ

ಪ್ರಶ್ನೆ: ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ. ಅವರನ್ನು ಕರೆದುಕೊಂಡು ಎರಡು ದಿನ ವೆನಿಸ್ ಸುತ್ತಬಹುದೇ? ಮ್ಯಾಪಿನಲ್ಲಿ ಎಲ್ಲವೂ ಒಂದೆರಡು ಕಿಲೋಮೀಟರಿನೊಳಗೇ ಕಾಣುತ್ತಿದೆ.

ಸುತ್ತಬಹುದು. ಆದರೆ ಆ ಕಿಲೋಮೀಟರ್ ಲೆಕ್ಕ ನಂಬಿ ಹೊರಡಬೇಡಿ. ವೆನಿಸ್‌ನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ. ಕೆಳಗೆ ದೋಣಿ ಹಾಯಬೇಕಾದ್ದರಿಂದ ಬಹುತೇಕ ಎಲ್ಲವೂ ಕಮಾನು ಸೇತುವೆಗಳೇ: ಆ ಕಡೆ ಮೆಟ್ಟಿಲು ಹತ್ತಬೇಕು, ಈ ಕಡೆ ಇಳಿಯಬೇಕು. ಒಂದು ಕಿಲೋಮೀಟರ್ ನಡಿಗೆಯಲ್ಲಿ ಇಂಥವು ಐದಾರು ಸಿಕ್ಕರೆ ಆಶ್ಚರ್ಯವಿಲ್ಲ. ಆದ್ದರಿಂದ ಎಲ್ಲಿಗೆ ಹೊರಟರೂ ದಾರಿಯಲ್ಲಿ ಎಷ್ಟು ಸೇತುವೆ ಎಂದು ಮೊದಲು ನೋಡಿ. ನಗರಪಾಲಿಕೆಯೇ ಇದಕ್ಕಾಗಿ ನಕ್ಷೆ ಮಾಡಿದೆ. ದೋಣಿಯಿಂದ ಇಳಿದು ಸೇತುವೆ ದಾಟದೆ ತಲುಪಬಹುದಾದ ಜಾಗಗಳನ್ನು ಅದರಲ್ಲಿ ಗುರುತಿಸಿದ್ದಾರೆ. ಗಾಲಿಕುರ್ಚಿಯವರಿಗಾಗಿ ಮಾಡಿದ್ದಾದರೂ ಮಂಡಿನೋವಿನವರಿಗೂ ಅಷ್ಟೇ ಉಪಯೋಗ.

ಮೊದಲು ಹೋಟೆಲ್ ವಿಷಯ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಊರಿನ ಮುಖ್ಯ ಚೌಕ ಸಾನ್ ಮಾರ್ಕೊ ಹತ್ತಿರ ಅಂತ ರೂಮು ಹಿಡಿದು, ಸೂಟ್‌ಕೇಸ್ ಹೊತ್ತು ನಾಲ್ಕು ಸೇತುವೆ ದಾಟುವ ಹೊತ್ತಿಗೆ ಅರ್ಧ ದಿನದ ಶಕ್ತಿ ಮುಗಿದಿರುತ್ತದೆ. ಸಾಂತಾ ಲುಚೀಯಾ ರೈಲು ನಿಲ್ದಾಣದಿಂದ ಹೊರಬಂದು ಎಡಕ್ಕೆ ತಿರುಗಿದರೆ ಲಿಸ್ತಾ ದಿ ಸ್ಪಾನ್ಯಾ ಎಂಬ ರಸ್ತೆ ಸಿಗುತ್ತದೆ. ಮುಂದೆ ಗುಲ್ಯೆ ಸೇತುವೆ ಬರುವವರೆಗೂ ನೆಲ ಸಮತಟ್ಟು, ಒಂದೂ ಸೇತುವೆ ಇಲ್ಲ. ಹೋಟೆಲುಗಳು ಸಾಲಾಗಿವೆ. ನೋಡಲು ಚೆಂದದ ಬೀದಿಯೇನಲ್ಲ, ಅಂಗಡಿಗಳ ಗದ್ದಲ. ಆದರೂ ನಿಮ್ಮ ಸಂದರ್ಭಕ್ಕೆ ನಾನು ಅದನ್ನೇ ಹೇಳುತ್ತೇನೆ. ವಿಮಾನ ನಿಲ್ದಾಣದ ಬಸ್ಸು ಇಳಿಸುವುದು ಪಿಯಾತ್ಸಾಲೆ ರೋಮಾದಲ್ಲಿ. ಅಲ್ಲಿಂದ ರೈಲು ನಿಲ್ದಾಣದ ಕಡೆಗೆ ಬರಲು 2008ರ ದೊಡ್ಡ ಹೊಸ ಸೇತುವೆ ಅಡ್ಡ ಬರುತ್ತದೆ. ಹತ್ತುವ ಬದಲು ಒಂದೇ ಸ್ಟಾಪು ದೋಣಿಯಲ್ಲಿ ಬನ್ನಿ.

ಆ ದೋಣಿಗಳಿಗೆ ವಪೊರೆಟ್ಟೊ ಎನ್ನುತ್ತಾರೆ, ಊರಿನ ಸಿಟಿ ಬಸ್ಸೇ ಅದು. 2025ರ ದರದಲ್ಲಿ 75 ನಿಮಿಷದ ಟಿಕೆಟ್ 9.50 ಯೂರೊ, 48 ಗಂಟೆಯ ಪಾಸ್ 35 ಯೂರೊ. ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕು ಸಲ ಹತ್ತಿದರೆ ಪಾಸಿನ ದುಡ್ಡು ಹುಟ್ಟಿತು. ಅವಧಿ ಶುರುವಾಗುವುದು ಕೊಂಡಾಗ ಅಲ್ಲ, ಮೊದಲ ಸಲ ಯಂತ್ರಕ್ಕೆ ತೋರಿಸಿದಾಗ. ಆಮೇಲೂ ಪ್ರತಿ ಸಲ ಹತ್ತುವ ಮುನ್ನ ತೋರಿಸಲೇಬೇಕು. ಪಾಸ್ ಕೈಯಲ್ಲಿದ್ದರೂ ತೋರಿಸದೆ ಹತ್ತಿದರೆ ದಂಡ ಬೀಳಬಹುದು.

ಒಂದು ದಿನವನ್ನು ಹೀಗೆ ಹೊಂದಿಸಿ. ಬೆಳಗ್ಗೆ ಬೇಗ ರೈಲು ನಿಲ್ದಾಣದ ಮುಂದೆ 1ನೇ ನಂಬರಿನ ದೋಣಿ ಹತ್ತಿ, ಆ ಹೊತ್ತಿಗೆ ಕೂರಲು ಜಾಗ ಸಿಗುತ್ತದೆ. ಊರಿನ ಮುಖ್ಯ ಕಾಲುವೆ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ಎಲ್ಲ ಕಡೆ ನಿಂತು ನಿಂತು ಹೋಗುವುದರಿಂದ ಸಾನ್ ಮಾರ್ಕೊಗೆ ಮುಕ್ಕಾಲು ಗಂಟೆಯ ಹತ್ತಿರ ಹಿಡಿಯುತ್ತದೆ. ಅದೇ ಒಂದು ಪ್ರವಾಸ. ಇಳಿಯಬೇಕಾದ್ದು ಸಾನ್ ಮಾರ್ಕೊ ವಲ್ಲರೆಸ್ಸೊ ಸ್ಟಾಪಿನಲ್ಲಿ. ದೋಣಿಯಿಂದ ಇಳಿದವರು ನೀರಿನ ದಂಡೆ ಹಿಡಿದು ಬಲಕ್ಕೆ ಹೋಗುತ್ತಾರೆ, ಅಲ್ಲೊಂದು ಸೇತುವೆ ಇದೆ. ನೀವು ನೇರ ಎದುರಿನ ಓಣಿಯೊಳಗೆ ಹೋಗಿ ಬಲಕ್ಕೆ ತಿರುಗಿ, ಸೇತುವೆಯಿಲ್ಲದೆ ಚೌಕಕ್ಕೆ ಬರುತ್ತೀರಿ.

ಚೌಕದ ದೊಡ್ಡ ಚರ್ಚ್ ಬಸಿಲಿಕಾಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ಒಳಗಿನ ಅಮೃತಶಿಲೆಯ ನೆಲ ಶತಮಾನಗಳಲ್ಲಿ ಕುಸಿದು ಅಲೆಯಂತೆ ಏರಿಳಿತವಾಗಿದೆ, ಅಮ್ಮನ ಕೈ ಹಿಡಿದುಕೊಳ್ಳಿ. ಕುದುರೆ ಪ್ರತಿಮೆಗಳಿರುವ ಮೇಲಿನ ಮಹಡಿಯ ಮೆಟ್ಟಿಲು ಕಡಿದು, ಅದನ್ನು ಬಿಟ್ಟುಬಿಡಿ. ಹಿಂದಿನ ವೆನಿಸ್‌ನ ಆಡಳಿತಗಾರ ಡೋಜೆಯ ಅರಮನೆಯಲ್ಲಿ ಸೆರೆಮನೆಯ ಕಡೆಗೆ ಇಳಿಯುವ ದಾರಿಯೂ ಇಕ್ಕಟ್ಟು. ಅರಮನೆಯ ಟಿಕೆಟ್ಟಿನಲ್ಲೇ ಚೌಕದಾಚೆಯ ಕೊರ‍್ರೆರ್ ಮ್ಯೂಸಿಯಂ, ಮಾರ್ಚಾನಾ ಗ್ರಂಥಾಲಯದ ಸಭಾಂಗಣಗಳೂ ಸೇರಿವೆ, ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ನಮ್ಮವರಿಗೆ ಇಲ್ಲೊಂದು ನಂಟೂ ಇದೆ. 1420ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪ್ರವಾಸಿ ನಿಕೊಲೊ ಕೊಂತಿ ವೆನಿಸ್ ಇರುವ ಇದೇ ಉಪ್ಪುನೀರಿನ ಸರೋವರದ ದಕ್ಷಿಣ ತುದಿಯ ಕ್ಯೊಜ್ಜಾದವನು. ಫ್ರಾ ಮೌರೊ ಎಂಬ ಸನ್ಯಾಸಿ 1450ರ ಸುಮಾರಿಗೆ ದಕ್ಷಿಣವನ್ನು ಮೇಲೆ ಮಾಡಿ ಬರೆದ ಜಗತ್ತಿನ ನಕ್ಷೆ ಈ ಗ್ರಂಥಾಲಯದ್ದು. ಅದರಲ್ಲಿ ಕೊಂತಿ ತಂದ ಸುದ್ದಿ ಸೇರಿದೆ ಎಂದು ವಿದ್ವಾಂಸರು ಹೇಳುತ್ತಾರೆ.

ಮಧ್ಯಾಹ್ನ ಅರಮನೆಯ ಪಕ್ಕದ ಪಾಲ್ಯಾ ಸೇತುವೆಯನ್ನು ನಿಧಾನವಾಗಿ ದಾಟಿ ಸಾನ್ ಜಕ್ಕಾರಿಯಾ ಸ್ಟಾಪಿಗೆ ಬನ್ನಿ. 2ನೇ ನಂಬರಿನ ದೋಣಿಯಲ್ಲಿ ಮುಂದಿನ ಸ್ಟಾಪೇ ಸಾನ್ ಜೋರ್ಜೊ ದ್ವೀಪ. ಅಲ್ಲಿನ ಗಂಟೆಗೋಪುರಕ್ಕೆ ಲಿಫ್ಟ್ ಇದೆ, ಸಾನ್ ಮಾರ್ಕೊ ಗೋಪುರದಷ್ಟು ಕ್ಯೂ ಇರುವುದಿಲ್ಲ, ಮೇಲಿಂದ ಸಾನ್ ಮಾರ್ಕೊ ಕೂಡ ಕಾಣುತ್ತದೆ. ವಾಪಸು ಅದೇ 2ನೇ ನಂಬರ್ ಜುದೆಕ್ಕಾ ದ್ವೀಪದ ಕಡೆಯಿಂದ ಸುತ್ತಿ ರೈಲು ನಿಲ್ದಾಣಕ್ಕೇ ತಂದು ಬಿಡುತ್ತದೆ. ಇಡೀ ದಿನಕ್ಕೆ ಒಂದೆರಡೇ ಸೇತುವೆ.

ಎರಡನೇ ದಿನ ಸಾನ್ ತೊಮಾ ಸ್ಟಾಪಿನಲ್ಲಿ ಇಳಿದರೆ ಫ್ರಾರಿ ಚರ್ಚ್ (ಚಿತ್ರಕಾರ ಟಿಶಿಯನ್ 1518ರಲ್ಲಿ ಮುಗಿಸಿದ ದೊಡ್ಡ ಚಿತ್ರ ಪೂಜಾಪೀಠದ ಮೇಲೆಯೇ ಇದೆ), ಅದರ ಹಿಂದೆ ಟಿಂಟೊರೆಟ್ಟೊ ಚಿತ್ರಗಳ ಸಾನ್ ರೊಕ್ಕೊ ಭವನ. ಅಕ್ಕಾದೆಮಿಯಾ ಕಲಾ ಗ್ಯಾಲರಿ ಅದೇ ಹೆಸರಿನ ಸ್ಟಾಪಿನ ಪಕ್ಕದಲ್ಲೇ ಇದೆ. ರಿಯಾಲ್ಟೊದ ಮೀನು ಮಾರುಕಟ್ಟೆ ಭಾನುವಾರ, ಸೋಮವಾರ ಇಲ್ಲ.

ನಡೆಯುವಾಗ ಫೋನಿನ ಬಾಣದ ಗುರುತು ಪಕ್ಕದ ಓಣಿಗೆ ಜಿಗಿಯುತ್ತಿರುತ್ತದೆ. ಓಣಿ ಇಕ್ಕಟ್ಟು, ಗೋಡೆ ಎತ್ತರ, ಸಿಗ್ನಲ್ ಬಡಿದು ವಾಪಸಾಗುತ್ತದೆ. ಗೋಡೆಗಳ ಮೇಲಿನ ಹಳದಿ ಫಲಕ ನೋಡಿ: ‘ಪೆರ್ ರಿಯಾಲ್ಟೊ’, ‘ಪೆರ್ ಸಾನ್ ಮಾರ್ಕೊ’, ರೈಲು ನಿಲ್ದಾಣಕ್ಕೆ ‘ಆಲ್ಲಾ ಫೆರ‍್ರೋವಿಯಾ’. ಮನೆ ನಂಬರುಗಳು ಬೀದಿಗಲ್ಲ, ಇಡೀ ಬಡಾವಣೆಗೆ ಒಂದೇ ಸರಣಿ. ‘ಕಾಸ್ತೆಲ್ಲೊ 3400’ ಎಂದಷ್ಟೇ ಹಿಡಿದು ಹುಡುಕಿದರೆ ಸಿಗದು. ಹತ್ತಿರದ ಚೌಕದ ಹೆಸರು ಕೇಳಿಟ್ಟುಕೊಳ್ಳಿ. ‘ರಿಯೊ ತೆರಾ’ ಎಂಬ ಹೆಸರಿನ ಬೀದಿ ಕಂಡರೆ ಸಂತೋಷಪಡಿ: ಅದು ಮುಚ್ಚಿದ ಕಾಲುವೆ, ಅಗಲ, ಸಮತಟ್ಟು.

ಗೊಂಡೊಲಾ ಹಗಲು ಅರ್ಧ ಗಂಟೆಗೆ 90 ಯೂರೊ, ಐದು ಜನರವರೆಗೆ, ತಲೆಗಲ್ಲ ದೋಣಿಗೆ. ಹತ್ತುವಾಗ ಅಲ್ಲಾಡುವ ದೋಣಿಯೊಳಕ್ಕೆ ಕೆಳಗೆ ಕಾಲಿಡಬೇಕು, ಮೊಣಕಾಲಿಗೆ ಸೇತುವೆಗಿಂತ ಅದೇ ತ್ರಾಸ. ನನ್ನ ಪ್ರಕಾರ 1ನೇ ನಂಬರಿನಲ್ಲೇ ಇನ್ನೊಂದು ಸುತ್ತು ಹೋಗುವುದು ಮೇಲು.

ಸಸ್ಯಾಹಾರಿಗಳಾದರೆ ಬಾರಿನ ಗಾಜಿನಲ್ಲಿಟ್ಟ ತಿಂಡಿಗಳಲ್ಲಿ ಬಿಳಿಯ ಬೆಣ್ಣೆಯಂತೆ ಕಾಣುವುದನ್ನು ಚೀಸ್ ಎಂದುಕೊಳ್ಳಬೇಡಿ, ಅದು ಒಣಮೀನಿನದು. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’ ಎಂದು ಕೇಳಿ: ಮಾಂಸ ಬೇಡ, ಮೀನು ಬೇಡ. ಕುಡಿಯುವ ನೀರಿಗೆ ಚೌಕಗಳಲ್ಲಿ ಸಾರ್ವಜನಿಕ ನಲ್ಲಿಗಳಿವೆ, ಬಾಟಲಿ ತುಂಬಿಸಿಕೊಳ್ಳಿ.

ಇನ್ನು ಪ್ರವೇಶ ಶುಲ್ಕ. 2024ರಿಂದ ಕೆಲವು ಗೊತ್ತಾದ ದಿನಗಳಲ್ಲಿ ಹಗಲು ಬಂದು ಹೋಗುವವರಿಂದ ವಸೂಲು ಮಾಡುತ್ತಾರೆ. 2025ರಲ್ಲಿ ಮುಂಗಡವಾಗಿ 5 ಯೂರೊ, ಕೊನೆಯ ಗಳಿಗೆಯಲ್ಲಿ 10. ಅಲ್ಲೇ ತಂಗುವವರಿಗೆ ವಿನಾಯಿತಿ ಇದೆ, ಆದರೆ ಆ ದಿನಗಳಲ್ಲಿ ವಿನಾಯಿತಿಯ ಕ್ಯೂಆರ್ ಕೋಡನ್ನು ಆನ್‌ಲೈನಿನಲ್ಲಿ ನೀವೇ ಪಡೆದಿಟ್ಟುಕೊಳ್ಳಬೇಕು. ನವೆಂಬರ್, ಡಿಸೆಂಬರಿಗೆ ಹೊರಟಿದ್ದರೆ ಸಮುದ್ರದ ಉಬ್ಬರದ ಮುನ್ಸೂಚನೆಯನ್ನೂ ಹಿಂದಿನ ದಿನವೇ ನೋಡಿ. 2020ರಿಂದ ಉಬ್ಬರದ ನೀರು ತಡೆಯಲು ಮೋಸೆ ಎಂಬ ಎತ್ತಿ ಇಳಿಸುವ ತಡೆಗೋಡೆಗಳಿವೆ, ಆದರೆ ಅವನ್ನು ಎತ್ತುವುದು ಸಾಮಾನ್ಯವಾಗಿ 110 ಸೆಂಟಿಮೀಟರ್ ಉಬ್ಬರದ ಮುನ್ಸೂಚನೆ ಇದ್ದಾಗ. ಸಾನ್ ಮಾರ್ಕೊ ಚೌಕ ಅದಕ್ಕಿಂತ ತಗ್ಗಿನಲ್ಲಿದೆ, ಹಾಗಾಗಿ ಗೋಡೆ ಏಳದ ದಿನವೂ ಅಲ್ಲಿ ನೀರು ನಿಲ್ಲಬಹುದು. ಅಂಥ ದಿನ ಮೊದಲ ದಿನದ ಸುತ್ತನ್ನು ಎರಡನೇ ದಿನಕ್ಕೆ ಅದಲುಬದಲು ಮಾಡಿಕೊಳ್ಳಿ.