ರದ್ದಾದ ಗ್ರಾಮೀಣ ವಿಧಾನಸಭಾ ಕ್ಷೇತ್ರದ ಇತಿಹಾಸ ಬರೆಯಲು ಗೆದ್ದವರ ಪಟ್ಟಿ ಸಾಕೇ? ಅದು ರಾಜಕೀಯ ಸೇಡಿನಿಂದ ರದ್ದಾಯಿತೆಂದು ಬರೆಯಬಹುದೇ?

ಸಾಲದು. ನಾನೂ ಅಂಥದೇ ಪಟ್ಟಿ ಹಿಡಿದು ಕನಕಪುರ ತಾಲ್ಲೂಕಿನ ಸಾತನೂರು ಕ್ಷೇತ್ರದ ಇತಿಹಾಸ ಬರೆಯಲು ಕುಳಿತಿದ್ದೆ. ಆ ಪಟ್ಟಿಯ ಸೆಳೆತವೇ ಹಾಗಿತ್ತು. 1985ರಲ್ಲಿ ಎಚ್.ಡಿ. ದೇವೇಗೌಡರು ಹೊಳೆನರಸೀಪುರದ ಜೊತೆಗೆ ಇಲ್ಲಿಯೂ ಸ್ಪರ್ಧಿಸಿ, ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿ, ಎರಡೂ ಕಡೆ ಗೆದ್ದು ಸಾತನೂರನ್ನು ಬಿಟ್ಟುಕೊಟ್ಟರು. 1989ರಲ್ಲಿ ಗೆದ್ದ ಶಿವಕುಮಾರ್ 1994ರಲ್ಲಿ ಪಕ್ಷೇತರರಾಗಿ ಗೆದ್ದು ಸ್ಥಾನ ಉಳಿಸಿಕೊಂಡರು; 1999ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರನ್ನು ಸೋಲಿಸಿದರು, 2004ರಲ್ಲಿ ಮತ್ತೆ ಗೆದ್ದರು. 2008ರಲ್ಲಿ ಕ್ಷೇತ್ರವೇ ಇರಲಿಲ್ಲ, ಅವರು ಕನಕಪುರದಿಂದ ಆಯ್ಕೆಯಾದರು.

ನಾನು ಎಡವಿದ್ದು ಇಲ್ಲಿಯೇ. ಸಾತನೂರಿನ 2004ರ ಮತಗಳನ್ನೂ ಕನಕಪುರದ 2008ರ ಮತಗಳನ್ನೂ ಒಂದೇ ಕೋಷ್ಟಕದಲ್ಲಿ ಜೋಡಿಸಿ, ಮತದಾರರ ಒಲವು ಹೇಗೆ ಬದಲಾಯಿತೆಂದು ಪುಟಗಟ್ಟಲೆ ವಿವರಿಸಿದೆ. ಆದರೆ ಹಳೆಯ ಕನಕಪುರವು ಪಿ.ಜಿ.ಆರ್. ಸಿಂಧ್ಯ ಅವರು ಸತತವಾಗಿ ಗೆಲ್ಲುತ್ತಿದ್ದ, 1983ರಲ್ಲಿ ಅವರು ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರಿಗಾಗಿ ತೆರವು ಮಾಡಿದ್ದ, ಬೇರೆಯೇ ಕ್ಷೇತ್ರ. ಹೊಸ ಕನಕಪುರವಾದರೋ ಆ ಹಳೆಯದೂ ಅಲ್ಲ, ಹಳೆಯದಕ್ಕೆ ಸಾತನೂರನ್ನು ಕೂಡಿಸಿದ ಮೊತ್ತವೂ ಅಲ್ಲ. ಏಕೆಂದರೆ ಕನಕಪುರ ತಾಲ್ಲೂಕಿನ ಹಾರೋಹಳ್ಳಿ ಮತ್ತು ಮರಳವಾಡಿ ಹೋಬಳಿಗಳು ರಾಮನಗರ ಕ್ಷೇತ್ರಕ್ಕೆ ಸೇರಿದವು. ಬದಲಾದದ್ದು ಒಲವಲ್ಲ, ಮತದಾರರೇ. ಶಾಸಕರು ಶಿವಕುಮಾರ್ ಅವರೇ ಆಗಿದ್ದರಿಂದ ಜನರೂ ಅವರೇ ಎಂದು ಭಾವಿಸಿದ್ದೆ. ಬರೆದದ್ದರಲ್ಲಿ ಅರ್ಧವನ್ನು ತೆಗೆದುಹಾಕಬೇಕಾಯಿತು.

ಸೇಡಿನ ವಾದವನ್ನು ನಾನು ಒಪ್ಪುವುದಿಲ್ಲ. 1971ರ ಜನಗಣತಿಯನ್ನು ಆಧರಿಸಿದ ಗಡಿಗಳು 1978ರಿಂದ 2004ರವರೆಗಿನ ಏಳು ಸಾರ್ವತ್ರಿಕ ಚುನಾವಣೆಗಳಲ್ಲಿ ಹಾಗೆಯೇ ಉಳಿದಿದ್ದವು. ಅಷ್ಟರಲ್ಲಿ ಬೆಂಗಳೂರು ಬೆಳೆದಿತ್ತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಕ್ಷೇತ್ರ ಪುನರ್ವಿಂಗಡಣಾ ಆಯೋಗವು 2001ರ ಜನಗಣತಿಯಂತೆ ಗಡಿಗಳನ್ನು ಮತ್ತೆ ಎಳೆದಾಗ ರಾಜ್ಯದ ಸ್ಥಾನಗಳು 224 ಆಗಿಯೇ ಇರಬೇಕಾಗಿದ್ದುದರಿಂದ, ನಗರಕ್ಕೆ ಹೆಚ್ಚು ಸ್ಥಾನ ಕೊಡಲು ಹಳ್ಳಿಗಾಡಿನ ಕ್ಷೇತ್ರಗಳನ್ನು ಒಂದರಲ್ಲೊಂದು ಕರಗಿಸಬೇಕಾಯಿತು. ಸಾತನೂರಿನಂಥ ಹೋಬಳಿ ಕೇಂದ್ರವು ವಿಧಾನಸಭೆಯಲ್ಲಿದ್ದ ತನ್ನ ಹೆಸರನ್ನು ಕಳೆದುಕೊಂಡದ್ದು ನನಗೆ ಇಂದಿಗೂ ನೋವಿನ ಸಂಗತಿ, ಆದರೆ ಆ ನೋವಿಗೆ ವ್ಯಕ್ತಿಯೊಬ್ಬರನ್ನು ಹೊಣೆಯಾಗಿಸಿದರೆ ಅದು ಇತಿಹಾಸವಾಗದು.

ಆದ್ದರಿಂದ ಮೊದಲು 1971 ಮತ್ತು 2001ರ ಜನಗಣತಿಗಳನ್ನು ಆಧರಿಸಿದ ಎರಡೂ ಪುನರ್ವಿಂಗಡಣಾ ಆದೇಶಗಳನ್ನು ತರಿಸಿಕೊಂಡು, ಯಾವ ಹೋಬಳಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಗುರುತಿಸಿ. ನಂತರ ಚುನಾವಣಾಧಿಕಾರಿಯ ಅಂತಿಮ ಫಲಿತಾಂಶ ಪಟ್ಟಿಯಾದ ನಮೂನೆ 20ರಲ್ಲಿರುವ ಮತಗಟ್ಟೆವಾರು ಲೆಕ್ಕವನ್ನು ಊರೂರಿಗೆ ಹೊಂದಿಸಿ. ಗೆದ್ದವರ ಪಟ್ಟಿಯನ್ನು ಅನುಬಂಧದಲ್ಲಿ ಕೊಡಿ.